ಚೀಟಿ ಎತ್ತಿದ ಮೇಲೆ ಬಹುಮಾನ ಯಾರದ್ದು?

ಮಳೆ ನಿಂತು ಬೆಳಗ್ಗೆ ಸ್ವಲ್ಪ ಮಂಜು ಬೀಳುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಎರಡು ಸೀಸನ್ ಒಟ್ಟಿಗೆ ಶುರುವಾಗುತ್ತದೆ. ಒಂದು ಮದುವೆಯದ್ದು, ಇನ್ನೊಂದು ಸಮಾವೇಶದ್ದು. ಜವಳಿಯವರು, ಹಣ್ಣಿನವರು, ಒಣಮೀನಿನವರು, ಮರದವರು, ಗುಜರಿಯವರು, ಮೊಬೈಲ್ ಅಂಗಡಿಯವರು ಹೀಗೆ ಒಂದೊಂದು ವ್ಯಾಪಾರಕ್ಕೂ ಈಗ ಒಂದೊಂದು ಸಂಘ. ಸಂಘ ಇದ್ದ ಮೇಲೆ ವರ್ಷಕ್ಕೊಂದು ಸಮಾವೇಶ, ಕುಟುಂಬ ಸಮ್ಮಿಲನ. ಸಮ್ಮಿಲನ ಎಂದ ಮೇಲೆ ಕಿರಾಅತ್, ಸ್ವಾಗತ, ಸನ್ಮಾನ, ಬಿರಿಯಾನಿ. ಕೊನೆಗೆ ಲಕ್ಕಿ ಡ್ರಾ.

ಲಕ್ಕಿ ಡ್ರಾ ಬಗ್ಗೆ ಬರೆಯುವುದೆಂದರೆ ಕೆಲವರಿಗೆ ನಗು ಬರಬಹುದು. ‘ಸಮುದಾಯಕ್ಕೆ ಬೇರೆ ಸಮಸ್ಯೆ ಇಲ್ಲವಾ ಮಾರಾಯ್ರೆ?’ ಎಂದು ಕೇಳುವವರೂ ಇರುತ್ತಾರೆ. ಇದೆ, ಬೇಕಾದಷ್ಟಿದೆ. ಆದರೆ ಒಂದು ಸಂಘ ವೇದಿಕೆಯ ಮೇಲಿಂದ ಮೈಕಿನಲ್ಲಿ ಕೊಟ್ಟ ಮಾತನ್ನು ತನ್ನದೇ ಸದಸ್ಯನಿಗೆ ಹೇಗೆ ಉಳಿಸಿಕೊಡುತ್ತದೆ ಎಂಬುದು ಸಣ್ಣ ಸಂಗತಿ ಏನಲ್ಲ. ಸಮಾವೇಶ ಮುಗಿದು ವಾರ ಕಳೆದ ಮೇಲೆ ಅಧ್ಯಕ್ಷರ ಭಾಷಣ ಯಾರಿಗೂ ನೆನಪಿರುವುದಿಲ್ಲ. ‘ಅವರಿಗೆ ಬಂದ ಫ್ರಿಜ್ಜು ಕೊಟ್ರಂತಾ?’ ಎಂಬ ಪ್ರಶ್ನೆ ಮಾತ್ರ ಮನೆಮನೆಯಲ್ಲಿ ಓಡಾಡುತ್ತಿರುತ್ತದೆ.

ಹೆಚ್ಚಿನ ಸಂಘಗಳು ಡ್ರಾವನ್ನು ಕಾರ್ಯಕ್ರಮದ ಕಟ್ಟಕಡೆಗೆ ಇಡುತ್ತವೆ. ಕಾರಣ ಎಲ್ಲರಿಗೂ ಗೊತ್ತಿರುವಂತದ್ದೇ. ಊಟ ಆದ ಕೂಡಲೇ ಜನ ಎದ್ದು ಹೋಗುತ್ತಾರೆ, ಧನ್ಯವಾದ ಹೇಳುವ ಹೊತ್ತಿಗೆ ಕುರ್ಚಿಗಳು ಮಾತ್ರ ಉಳಿಯುತ್ತವೆ. ದುಡ್ಡು ಕೊಟ್ಟ ಪ್ರಾಯೋಜಕರಿಗೆ ಖಾಲಿ ಕುರ್ಚಿ ತೋರಿಸಲಿಕ್ಕಾಗುತ್ತದಾ? ಹಾಗಾಗಿ ಸ್ಕೂಟರಿಗೆ ರಿಬ್ಬನ್ ಕಟ್ಟಿ ಬಾಗಿಲಲ್ಲೇ ನಿಲ್ಲಿಸುವುದು, ಡ್ರಾವನ್ನು ರಾತ್ರಿ ಹತ್ತೂವರೆಗೆ ತಳ್ಳುವುದು. ಜನರನ್ನು ಕೂರಿಸಲು ಅದೊಂದು ಉಪಾಯ. ಉಪಾಯದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅದರ ಬಾಲಕ್ಕೆ ಕಟ್ಟಿದ ಷರತ್ತಿನ ಬಗ್ಗೆ. ನಂಬರ್ ಕರೆದಾಗ ಹಾಲ್‌ನಲ್ಲಿ ಇಲ್ಲದವರಿಗೆ ಬಹುಮಾನ ಇಲ್ಲ.

ಮೂರು ಸಲ ಕರೆಯುತ್ತಾರೆ. ಮೂರನೆಯ ಸಲ ಕರೆದು ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗರು ‘ಇಲ್ಲ, ಇಲ್ಲ, ಬೇರೆ ಎತ್ತಿ’ ಎಂದು ಕೂಗಿ ಆಗಿರುತ್ತದೆ. ಡಬ್ಬದೊಳಗೆ ಮತ್ತೆ ಕೈ ಹೋಗುತ್ತದೆ. ಮೊದಲು ಬಂದ ನಂಬರಿನವರು ಯಾರು, ಎಲ್ಲಿದ್ದಾರೆ, ಯಾಕೆ ಬರಲಿಲ್ಲ ಎಂದು ನೋಡುವ ವ್ಯವಧಾನ ಯಾರಿಗೂ ಇಲ್ಲ.

ಯಾಕೆ ಬರಲಿಲ್ಲ ಎಂದು ನಾವಾದರೂ ನೋಡುವ. ಹೆಂಗಸರಿಗೆ ಹೆಚ್ಚಾಗಿ ಮಹಡಿಯಲ್ಲೋ ಪಕ್ಕದ ಸಣ್ಣ ಹಾಲ್‌ನಲ್ಲೋ ಜಾಗ. ಅಲ್ಲಿ ಸ್ಪೀಕರ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದ್ದರೂ ಮಕ್ಕಳ ಗಲಾಟೆಯ ಎಡೆಯಲ್ಲಿ ಐದಂಕಿಯ ನಂಬರ್ ಕೇಳಿಸುವುದುಂಟಾ? ಕೂಪನ್ ಇರುವುದು ಗಂಡನ ಜೇಬಿನಲ್ಲಿ, ಗಂಡ ಇರುವುದು ಕಾರು ತೆಗೆಯುವ ಗಡಿಬಿಡಿಯಲ್ಲಿ. ಇಶಾ ನಮಾಝಿಗೆ ಹೋದವರು ಕೆಲವರು. ವಿಟ್ಲ, ಮೂಡಬಿದ್ರೆ, ಕಾಪು ಕಡೆಯಿಂದ ಬಸ್ಸಿನಲ್ಲಿ ಬಂದವರು ಕೊನೆಯ ಬಸ್ಸು ತಪ್ಪಬಾರದೆಂದು ಒಂಬತ್ತಕ್ಕೇ ಹೊರಟಿರುತ್ತಾರೆ. ಪ್ರಾಯದವರು, ಸಕ್ಕರೆ ಕಾಯಿಲೆಯವರು ಅಷ್ಟು ಹೊತ್ತು ಕೂರಲಾಗದೆ ಎದ್ದಿರುತ್ತಾರೆ. ಅಂದರೆ ಡಬ್ಬದೊಳಗೆ ಎಲ್ಲರ ಚೀಟಿ ಇದ್ದರೂ, ನಿಜವಾಗಿ ಡ್ರಾ ನಡೆಯುವುದು ಸ್ವಂತ ವಾಹನ ಇರುವವರು, ಮನೆ ಹತ್ತಿರ ಇರುವವರು, ಕೈಮಗು ಇಲ್ಲದವರು ಇಷ್ಟು ಜನರ ಮಧ್ಯೆ ಮಾತ್ರ. ವಂತಿಗೆ ಕೊಡುವಾಗ ಈ ಭೇದ ಇರಲಿಲ್ಲವಲ್ಲ?

ಇನ್ನು ಕೂಪನ್ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ. ಇದು ಇನ್ನೂ ಕಷ್ಟದ್ದು. ಸಂಘದ ಸದಸ್ಯತ್ವ ಇರುವುದು ಅಂಗಡಿಗೆ. ಹಾಗಾಗಿ ಕೂಪನ್ ಪುಸ್ತಕ ಬರುವುದೂ ಅಂಗಡಿಗೆ. ಯಜಮಾನರು ಮನೆಯವರಿಗೆ ನಾಲ್ಕು ಇಟ್ಟುಕೊಂಡು, ಉಳಿದದ್ದನ್ನು ಕೆಲಸದ ಹುಡುಗರಿಗೆ ಹಂಚುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ. ಆದರೆ ಹರಿದು ಡಬ್ಬಕ್ಕೆ ಹಾಕುವ ತುಂಡಿನಲ್ಲಿ ಬರೆಯುವುದು ಏನು? ಅಂಗಡಿಯ ಹೆಸರು, ಅಂಗಡಿಯ ಫೋನ್ ನಂಬರ್.

ನನಗೆ ಗೊತ್ತಿರುವ ಒಂದು ಸಂಗತಿ ಹೇಳುತ್ತೇನೆ, ಸಂಘದ ಹೆಸರು ಬೇಡ. ಒಂದು ಬಟ್ಟೆ ಅಂಗಡಿಯ ಸೇಲ್ಸ್‌ಮ್ಯಾನ್ ಹುಡುಗ. ಸಮಾವೇಶದ ದಿನ ಬೆಳಗ್ಗಿನಿಂದ ಕುರ್ಚಿ ಹಾಕಿದ್ದು, ನೀರಿನ ಬಾಟಲಿ ಹಂಚಿದ್ದು ಅವನೇ. ಅವನ ಕೈಯಲ್ಲಿದ್ದ ಕೂಪನ್ನಿಗೆ ವಾಷಿಂಗ್ ಮೆಷಿನ್ ಬಂತು. ವೇದಿಕೆಯಲ್ಲಿ ಕರೆದದ್ದು ಅಂಗಡಿಯ ಹೆಸರು. ಯಜಮಾನರು ಹತ್ತಿದರು, ಫೋಟೋ ತೆಗೆದರು, ಮೆಷಿನ್ ಟೆಂಪೋದಲ್ಲಿ ಯಜಮಾನರ ಮನೆಗೆ ಹೋಯಿತು. ‘ಕೂಪನ್ ನನ್ನ ಹತ್ತಿರ ಇತ್ತು’ ಎಂದು ಹುಡುಗ ಕಮಿಟಿಯವರಲ್ಲಿ ಒಬ್ಬರಿಗೆ ಮೆಲ್ಲ ಹೇಳಿದ. ಅವರು ಹೇಳಿದ್ದು ಇಷ್ಟೇ: ‘ಅದೆಲ್ಲ ನಿಮ್ಮ ಅಂಗಡಿಯ ಒಳಗಿನ ವಿಷಯ ಮೋನು, ನೀವೇ ಮಾತಾಡಿಕೊಳ್ಳಿ.’ ತಿಂಗಳ ಸಂಬಳ ಕೊಡುವವರ ಹತ್ತಿರ ಎಂತ ಮಾತಾಡುವುದು? ಅವನ ಉಮ್ಮನಿಗೆ ಮೊಣಕಾಲು ನೋವು, ಬಾವಿಕಟ್ಟೆಯಲ್ಲಿ ಕೂತು ಬಟ್ಟೆ ಒಗೆಯಲು ಆಗುವುದಿಲ್ಲ. ಅವನು ಈಗಲೂ ಅದೇ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾನೆ. ಯಜಮಾನರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಕೂಪನ್ ಅಂಗಡಿಯದ್ದೇ ಎಂದು ಅವರು ಪ್ರಾಮಾಣಿಕವಾಗಿ ನಂಬಿರಬಹುದು. ಆದರೆ ತೀರ್ಮಾನ ಮಾಡಬೇಕಿದ್ದದ್ದು ಸಂಘ. ಕೂಪನ್ನಿನಲ್ಲಿ ‘ಹೊಂದಿದವರ ಹೆಸರು’ ಎಂದು ಒಂದು ಗೆರೆ ಅಚ್ಚು ಹಾಕಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಇಲ್ಲಿ ದೀನಿನ ಮಾತು ಬರುತ್ತದೆ. ‘ಲಕ್ಕಿ ಡ್ರಾವೇ ತಪ್ಪು, ಅದರಲ್ಲಿ ನ್ಯಾಯ ಎಂತದ್ದು?’ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ ಮಾಇದ ಅಧ್ಯಾಯ ಮದ್ಯವನ್ನೂ ಜೂಜನ್ನೂ ಒಟ್ಟಿಗೇ ನಿಷೇಧಿಸಿದೆ. ಬಹುಮಾನದ ಆಸೆಯಿಂದ ದುಡ್ಡು ಕೊಟ್ಟು ಕೂಪನ್ ಖರೀದಿಸಿ, ಆ ದುಡ್ಡಿನಿಂದಲೇ ಬಹುಮಾನ ತಂದರೆ ಅದು ಜೂಜೇ. ಸದಸ್ಯರಿಗೆಲ್ಲ ಉಚಿತವಾಗಿ ಕೂಪನ್ ಕೊಟ್ಟು, ಬೇರೆಯವರು ಕೊಟ್ಟ ಉಡುಗೊರೆಯನ್ನು ಚೀಟಿ ಎತ್ತಿ ಹಂಚುವುದು ಬೇರೆ ಎಂದು ವಿವರಿಸುವ ಉಲಮಾಗಳಿದ್ದಾರೆ. ನೂರು ರೂಪಾಯಿ ಕೂಪನ್ ಮಾಡಿ ಅದಕ್ಕೆ ‘ವಂತಿಗೆ’ ಎಂದು ಹೆಸರಿಟ್ಟರೆ ಆಯಿತಾ ಎಂಬುದನ್ನು ಸಂಘಗಳು ತಮ್ಮ ಖತೀಬರ ಹತ್ತಿರ ಮೊದಲೇ ಕೇಳಿಕೊಳ್ಳಲಿ. ಡ್ರಾ ಆದ ಮೇಲೆ ಫತ್ವಾ ಹುಡುಕುವುದು ಒಳ್ಳೆಯ ಕ್ರಮ ಅಲ್ಲ.

ಚೀಟಿ ಎತ್ತುವ ಕ್ರಮ ನಮ್ಮಲ್ಲಿ ಹೊಸತೂ ಅಲ್ಲ. ಪ್ರವಾದಿ (ಸ) ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಎಂಬುದನ್ನು ಖುರ್‌ಅ ಹಾಕಿ ತೀರ್ಮಾನಿಸುತ್ತಿದ್ದರು ಎಂಬುದು ಹದೀಸ್ ಗ್ರಂಥಗಳಲ್ಲಿದೆ. ಮರ್ಯಮರ ಪಾಲನೆಯ ಹೊಣೆ ಯಾರದ್ದು ಎಂಬುದಕ್ಕೂ ಹಾಗೆಯೇ ಮಾಡಿದರೆಂದು ಕುರ್‌ಆನ್ ಹೇಳುತ್ತದೆ. ಯಾರ ಮುಖವನ್ನೂ ನೋಡದೆ, ಯಾರಿಗೂ ಬೇಸರವಾಗದಂತೆ ತೀರ್ಮಾನಕ್ಕೆ ಬರಲು ಇರುವ ದಾರಿ ಅದು. ಚೀಟಿ ಎತ್ತಿದ ಮೇಲೆ ‘ಈ ಮುಖ ಇಲ್ಲಿ ಕಾಣುವುದಿಲ್ಲ, ಬೇರೆ ಮುಖ ತೋರಿಸಿ’ ಎಂದರೆ ಆ ದಾರಿಯ ಅರ್ಥವೇ ಹೋಯಿತು.

ಫಿಕ್ಹ್ ಓದಿದವರು ಒಂದು ಎದುರು ವಾದ ಹೂಡಬಹುದು. ನಮ್ಮ ಶಾಫಿಈ ಮದ್‌ಹಬಿನಲ್ಲಿ ಹಿಬಾ, ಅಂದರೆ ಉಡುಗೊರೆ, ಪಡೆದವನ ಕೈಗೆ ಸೇರಿದ ಮೇಲೆಯೇ ಅವನದ್ದಾಗುತ್ತದೆ. ಕೈಗೆ ಸೇರದ ಬಹುಮಾನ ಇನ್ನೂ ಸಂಘದ್ದೇ, ಯಾರಿಗೆ ಬೇಕಾದರೂ ಕೊಡಬಹುದಲ್ಲ? ವಾದ ಸರಿ ಇರಬಹುದು. ಆದರೆ ಮಾತು ಕೊಟ್ಟದ್ದು ಎಲ್ಲಿ ಹೋಯಿತು? ಮಾತು ತಪ್ಪುವುದನ್ನು ಮುನಾಫಿಖ್‌ನ ಲಕ್ಷಣಗಳಲ್ಲಿ ಒಂದೆಂದು ಮದ್ರಸದ ಸಣ್ಣ ಮಕ್ಕಳಿಗೂ ಕಲಿಸುತ್ತೇವೆ. ದಾರಿಯಲ್ಲಿ ಬಿದ್ದು ಸಿಕ್ಕಿದ ಬೆಲೆಬಾಳುವ ವಸ್ತುವನ್ನು ಒಂದು ವರ್ಷ ಸಾರಬೇಕು, ಯಜಮಾನನನ್ನು ಹುಡುಕಬೇಕು ಎಂಬ ನಿಯಮ ಇರುವ ದೀನು ನಮ್ಮದು. ಇಲ್ಲಿ ಯಜಮಾನನ ನಂಬರ್ ಕೈಯಲ್ಲೇ ಇದೆ, ಒಂದು ನಿಮಿಷ ಕಾಯಲು ಸಮಯ ಇಲ್ಲ!

ಹಾಗೆ ನೋಡಿದರೆ ಗಡಿಯಾಚೆ ತಲಪಾಡಿ ದಾಟಿದ ಕೂಡಲೇ ಸಿಗುವ ಕೇರಳ ಸರಕಾರದ ಲಾಟರಿ ಇದೆಯಲ್ಲ, 1967ರಿಂದ ನಡೆಯುತ್ತಿರುವುದು. ಅದು ನಮಗೆ ಹರಾಂ, ಅದರಲ್ಲಿ ಎರಡು ಮಾತಿಲ್ಲ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು, ಒಳ್ಳೆಯದೇ ಆಯಿತು. ಆದರೂ ಅಲ್ಲಿ ಗೆದ್ದವನಿಗೆ ಟಿಕೆಟ್ ಒಪ್ಪಿಸಲು 30 ದಿನದ ಗಡುವು ಕೊಡುತ್ತಾರೆ. ಫಲಿತಾಂಶ ಗಜೆಟ್‌ನಲ್ಲಿ ಬರುತ್ತದೆ. ಜೂಜಿನವರು ಪಾಲಿಸುವಷ್ಟು ಶಿಸ್ತನ್ನು ಬಿಸ್ಮಿ ಹೇಳಿ ಕಾರ್ಯಕ್ರಮ ಶುರು ಮಾಡುವ ನಾವು ಪಾಲಿಸದಿದ್ದರೆ ಹೇಗೆ?

ಬಹುಮಾನ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಲ್ಲಿಗೆ ಮುಗಿಯಲಿಲ್ಲ. ವೇದಿಕೆಯಲ್ಲಿ ಕೊಡುವುದು ಥರ್ಮಾಕೋಲಿನ ದೊಡ್ಡ ಕೀ. ಸ್ಕೂಟರ್ ಬೇಕಿದ್ದರೆ ಶೋರೂಮಿಗೆ ಹೋಗಬೇಕು. ಅಲ್ಲಿ ‘ಸಂಘದವರು ಗಾಡಿಯ ಬೆಲೆ ಮಾತ್ರ ಕೊಟ್ಟಿದ್ದಾರೆ, ರಿಜಿಸ್ಟ್ರೇಶನ್, ರಸ್ತೆ ತೆರಿಗೆ, ಇನ್ಶೂರೆನ್ಸ್ ನೀವು ಕಟ್ಟಬೇಕು’ ಎನ್ನುತ್ತಾರೆ. ಇದು ಗೆದ್ದವರಿಗೆ ಅಲ್ಲಿ ನಿಂತಾಗಲೇ ಗೊತ್ತಾಗುವುದು. ಅದರ ಮೇಲೆ ಆದಾಯ ತೆರಿಗೆಯ ವಿಷಯ. ಇದನ್ನು ನಮ್ಮ ಎಷ್ಟೋ ಸಂಘಗಳ ಖಜಾಂಚಿಗಳೇ ಗಮನಿಸಿದಂತಿಲ್ಲ. ಕೂಪನ್ ಉಚಿತವಾದರೂ ಸರಿ, ಚೀಟಿ ಎತ್ತಿ ಕೊಡುವ ಬಹುಮಾನ ಕಾನೂನಿನ ಕಣ್ಣಿಗೆ ಲಾಟರಿ ಗೆದ್ದ ಹಾಗೆಯೇ. ಬಹುಮಾನ 10,000 ರೂ. ಮೀರಿದರೆ ಶೇ. 30 ಮೂಲದಲ್ಲೇ ಕಡಿತವಾಗಬೇಕು. ನಗದಾದರೆ ಕಡಿದು ಉಳಿದದ್ದು ಕೊಡುವುದು ಸುಲಭ. ಫ್ರಿಜ್ಜನ್ನು ಕಡಿದು ಕೊಡಲಿಕ್ಕಾಗುವುದಿಲ್ಲ. ಹಾಗಾಗಿ ವಸ್ತು ಕೊಡುವ ಮುನ್ನ ತೆರಿಗೆ ಕಟ್ಟಿ ಆಗಿದೆ ಎಂದು ನೋಡಿಕೊಳ್ಳುವ ಹೊಣೆ ಬಹುಮಾನ ಕೊಡುವವರದ್ದೇ. ಸ್ಕೂಟರಿನ ಬೆಲೆ 90,000 ರೂ. ಎಂದಾದರೆ 27,000 ರೂ. ಆಯಿತು. ತಿಂಗಳಿಗೆ ಹದಿನೈದು ಸಾವಿರ ದುಡಿಯುವವನ ಹತ್ತಿರ ‘27,000 ತಂದು ಸ್ಕೂಟರ್ ತಕ್ಕೊಂಡು ಹೋಗು’ ಎಂದರೆ ಅವನು ಎಲ್ಲಿಂದ ತರುತ್ತಾನೆ? ‘ನನ್ನ ಆದಾಯ ಕಡಿಮೆ, ಕಟ್ಟಿದ್ದು ವಾಪಸ್ ಬರುತ್ತದೆ’ ಎಂದೂ ಇಲ್ಲ. ಈ ಗೆಲುವಿಗೆ ಕನಿಷ್ಠ ಆದಾಯದ ವಿನಾಯಿತಿ ಅನ್ವಯಿಸುವುದಿಲ್ಲ.

ಕೊನೆಗೆ ಏನಾಗುತ್ತದೆ? ಗೆದ್ದವನು ಅರ್ಧ ಬೆಲೆಗೆ ಬೇರೆಯವರಿಗೆ ಬಿಟ್ಟುಕೊಡುತ್ತಾನೆ. ತೆಗೆದುಕೊಳ್ಳುವವರು ಹೆಚ್ಚಾಗಿ ಕಮಿಟಿಗೆ ಹತ್ತಿರದವರೇ ಆಗಿರುತ್ತಾರೆ. ಆಮೇಲೆ ಊರಲ್ಲಿ ಮಾತು ಹುಟ್ಟದೆ ಇರುತ್ತದಾ?

ಈ ತೆರಿಗೆಯ ವಿಷಯ ಸ್ಪಷ್ಟವಾಗಿ ಹೇಳದಿರುವುದರಿಂದ ಇನ್ನೊಂದು ಅಪಾಯವೂ ಇದೆ. ‘ನಿಮಗೆ ಬಹುಮಾನ ಬಂದಿದೆ, ತೆರಿಗೆಯ ದುಡ್ಡು ಈ ನಂಬರಿಗೆ ಗೂಗಲ್ ಪೇ ಮಾಡಿ’ ಎಂದು ಫೋನ್ ಮಾಡುವ ವಂಚಕರಿಗೆ ನಮ್ಮ ಮನೆಯ ಹೆಂಗಸರು, ಹಿರಿಯರು ಸುಲಭದ ತುತ್ತು. ನಿಜವಾದ ತೆರಿಗೆ ಚಲನ್ ಮೂಲಕ ಸರಕಾರಕ್ಕೆ ಹೋಗುತ್ತದೆ, ಕಡಿತ ಮಾಡಿದವರು ಅದಕ್ಕೆ ಪ್ರಮಾಣಪತ್ರ ಕೊಡುವುದು ಕ್ರಮ. ಯಾರದ್ದೋ ಮೊಬೈಲಿಗೆ ಹಾಕುವ ದುಡ್ಡು ತೆರಿಗೆ ಅಲ್ಲವೇ ಅಲ್ಲ. ಮನೆಯಲ್ಲಿ ಎಲ್ಲರಿಗೂ ಇದೊಂದು ಗೊತ್ತಿರಲಿ.

ಉಮ್ರಾ ಬಹುಮಾನದ ಕತೆ ಬೇರೆಯೇ. ಈಗ ನಮ್ಮ ಸಮಾವೇಶಗಳಲ್ಲಿ ಮೊದಲ ಬಹುಮಾನ ಉಮ್ರಾ ಎಂದರೆ ಚಪ್ಪಾಳೆ ಜಾಸ್ತಿ. ಹೆಸರು ಕರೆದಾಗ ಆ ಮನೆಯಲ್ಲಿ ಆಗುವ ಸಂತೋಷಕ್ಕೆ ಬೆಲೆ ಕಟ್ಟಲಿಕ್ಕೆ ಸಾಧ್ಯವಿಲ್ಲ. ಎಷ್ಟೋ ಉಮ್ಮಂದಿರು ಅವತ್ತೇ ರಾತ್ರಿ ನಿದ್ದೆ ಮಾಡುವುದಿಲ್ಲ. ಮರುದಿನ ಟ್ರಾವೆಲ್ಸ್‌ನವರಲ್ಲಿ ಕೇಳಿದರೆ ಒಂದೊಂದಾಗಿ ಷರತ್ತು ಹೊರಬರುತ್ತದೆ. ಪಾಸ್‌ಪೋರ್ಟ್ ಇದೆಯಾ? ಇಲ್ಲದಿದ್ದರೆ ಬೇಗ ಮಾಡಿಸಿ. ರಮಝಾನ್ ತಿಂಗಳಿಗೆ ಆಗುವುದಿಲ್ಲ, ಶಾಲೆ ರಜೆಯಲ್ಲಿ ಆಗುವುದಿಲ್ಲ, ನಾವು ಹೇಳುವ ಬ್ಯಾಚ್‌ನಲ್ಲೇ ಹೋಗಬೇಕು. ಬೇರೆಯವರ ಹೆಸರಿಗೆ ಬದಲಾಯಿಸುವಂತಿಲ್ಲ. ವಿಧವೆಯಾದ ಹಿರಿಯ ಹೆಂಗಸಿಗೆ ಬಹುಮಾನ ಬಂದರೆ ಜೊತೆಗೆ ಮಗನೋ ತಮ್ಮನೋ ಬೇಡವಾ? ಅವನ ಖರ್ಚು ಯಾರದ್ದು? ‘ಅದು ನಿಮ್ಮದೇ.’ ಕಂತು ಕಟ್ಟುತ್ತಾ ಬದುಕುವ ಮನೆಯಲ್ಲಿ ಆ ಇನ್ನೊಂದು ಟಿಕೆಟಿನ ದುಡ್ಡಿಗೆ ಬಂಗಾರ ಅಡವಿಡಬೇಕಾಗುತ್ತದೆ. ಅಲ್ಲದಿದ್ದರೆ ಹೋಗುವ ಆಸೆಯನ್ನೇ ಬಿಡಬೇಕು. ಅಷ್ಟರಲ್ಲಿ ಅವಧಿ ಮುಗಿಯುತ್ತದೆ. ಪ್ರಾಯೋಜಕರ ಬ್ಯಾನರು ಹಾಲ್‌ನಲ್ಲಿ ತೂಗಾಡಿತು, ಪತ್ರಿಕೆಯಲ್ಲಿ ಫೋಟೋ ಬಂತು, ಪ್ರಚಾರ ಸಿಕ್ಕಿತು. ಉಮ್ಮ ಮಾತ್ರ ಹೋಗಲಿಲ್ಲ. ನಮ್ಮ ಸಂಘಗಳು ಬೇರೆ ಯಾವ ಬಹುಮಾನದಲ್ಲಿ ಎಡವಿದರೂ ಇದರಲ್ಲಿ ಎಡವಬಾರದು. ಒಬ್ಬರ ಬದಲು ಇಬ್ಬರಿಗೆ ಸಾಕಾಗುವಷ್ಟು ಹೊಂದಿಸಿ, ಆಗದಿದ್ದರೆ ಉಮ್ರಾ ಎಂಬ ಹೆಸರನ್ನೇ ಬಳಸಬೇಡಿ, ಕುಕ್ಕರ್ ಕೊಡಿ.

ಪ್ರಾಯೋಜಕರ ವಿಷಯದಲ್ಲಿ ಕಾನೂನು ಕೂಡ ಸುಮ್ಮನಿಲ್ಲ. ಕೊಡುವ ಉದ್ದೇಶ ಇಲ್ಲದೆ ಬಹುಮಾನ ಘೋಷಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಬಹುಮಾನದ ಸ್ಕೀಮು ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅದೇ ಪಟ್ಟಿಯಲ್ಲಿದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರೆ ಅದೇ ಪತ್ರಿಕೆಯಲ್ಲಿ ಎದ್ದು ಕಾಣುವಂತೆ ಫಲಿತಾಂಶ ಪ್ರಕಟಿಸುವ ದಾರಿಯನ್ನೂ ಕಾಯ್ದೆಯೇ ಹೇಳಿದೆ. ಇನ್ನು ಸದಸ್ಯರಲ್ಲದ ಸಾರ್ವಜನಿಕರಿಗೆಲ್ಲ ದುಡ್ಡಿಗೆ ಕೂಪನ್ ಮಾರುವ ಉತ್ಸಾಹ ಕೆಲವರಿಗಿದೆ. ಸರಕಾರದ ಅನುಮತಿ ಇಲ್ಲದ ಲಾಟರಿಗೆ ಕಚೇರಿ ಇಡುವುದು ಹಿಂದೆ ಐಪಿಸಿಯಲ್ಲಿ ಅಪರಾಧವಾಗಿತ್ತು, 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ (ಕಲಂ 297) ಅಪರಾಧವೇ. ತಿಂಗಳ ಕಂತು ಕಟ್ಟಿಸಿಕೊಂಡು, ಡ್ರಾದಲ್ಲಿ ಗೆದ್ದವರು ಮುಂದಿನ ಕಂತು ಕಟ್ಟಬೇಕಿಲ್ಲ ಎನ್ನುವ ಲಕ್ಕಿ ಸ್ಕೀಮುಗಳಂತೂ 1978ರ ಬಹುಮಾನ ಚೀಟಿ ನಿಷೇಧ ಕಾಯ್ದೆಯ ಕೆಳಗೆ ಬರುತ್ತವೆ. ಅದು ಈ ಲೇಖನದ ವಿಷಯ ಅಲ್ಲ. ಸಮಾವೇಶದ ಡ್ರಾವನ್ನು ಅದರ ಜೊತೆ ಯಾರೂ ಬೆರೆಸಬಾರದು ಎಂದು ಮಾತ್ರ ಹೇಳಿದ್ದು.

ಕಮಿಟಿಯವರ ಕಷ್ಟವೂ ನನಗೆ ಗೊತ್ತಿಲ್ಲದ್ದೇನಲ್ಲ. ಅವರು ಸಂಬಳಕ್ಕೆ ಇರುವವರಲ್ಲ. ಅಂಗಡಿ ಬಿಟ್ಟು, ಮನೆಯಲ್ಲಿ ಬೈಸಿಕೊಂಡು, ತಿಂಗಳುಗಟ್ಟಲೆ ಓಡಾಡಿ ಒಂದು ದಿನದ ಕಾರ್ಯಕ್ರಮ ಮಾಡುತ್ತಾರೆ. ‘ಮೂವತ್ತು ದಿನ ಫ್ರಿಜ್ಜು ಕಾದುಕೊಂಡು ಕೂರಲಿಕ್ಕೆ ನಮಗೆ ಗೋಡೌನ್ ಉಂಟಾ?’ ಎಂದು ಒಬ್ಬ ಹಾಜಾಕ ನನ್ನ ಹತ್ತಿರ ಕೇಳಿದ್ದರು. ಕಾಯಬೇಕಾದ್ದಿಲ್ಲ ಹಾಜಾಕ. ಫ್ರಿಜ್ಜು ಶೋರೂಮಿನಲ್ಲೇ ಇರಲಿ, ಕೊಡುವ ಚೀಟಿ ನಿಮ್ಮ ಕೈಯಲ್ಲಿರಲಿ. ಕಳ್ಳ ಕೂಪನ್ನು ಬರುತ್ತದೆ, ಜೆರಾಕ್ಸ್ ಮಾಡಿ ತರುತ್ತಾರೆ ಎಂಬ ಅವರ ಭಯವೂ ಸುಳ್ಳಲ್ಲ. ಅದಕ್ಕೆ ಮದ್ದು ಸ್ಥಳದಲ್ಲಿ ಹಾಜರಿರಬೇಕೆಂಬ ಷರತ್ತು ಅಲ್ಲ. ಎರಡೂ ತುಂಡಿನಲ್ಲಿ ಒಂದೇ ನಂಬರ್, ಹೊಂದಿದವರ ಹೆಸರು ಮತ್ತು ಸ್ವಂತ ಫೋನ್ ನಂಬರ್, ಸಂಘದ ಮೊಹರು ಇಷ್ಟಿದ್ದರೆ ಸಾಕು. ಹೆಂಡತಿಯ ಕೂಪನ್ನಿಗೆ ಹೆಂಡತಿಯದ್ದೇ ಹೆಸರು ಬರೆಯಲಿ. ಅಂಗಡಿಯ ಹುಡುಗನ ಕೂಪನ್ನಿಗೆ ಹುಡುಗನ ಹೆಸರು.

ಡ್ರಾವನ್ನು ಊಟಕ್ಕೆ ಮೊದಲು, ಮಗ್ರಿಬ್‌ಗೂ ಇಶಾಕ್ಕೂ ನಡುವೆ ಮುಗಿಸಿದರೆ ಅರ್ಧ ತಕರಾರು ಅಲ್ಲಿಗೇ ಕರಗುತ್ತದೆ. ಕುರ್ಚಿ ಖಾಲಿಯಾಗುವ ಭಯ ಇದ್ದರೆ ಭಾಷಣಗಳನ್ನು ಕಡಿಮೆ ಮಾಡಿ, ಅದೂ ಒಂದು ಉಪಾಯವೇ. ಗೆದ್ದ ನಂಬರುಗಳ ಪಟ್ಟಿಯನ್ನು ಮರುದಿನ ಸಂಘದ ಕಚೇರಿಯ ಬಾಗಿಲಿಗೂ ವಾಟ್ಸ್ಆ್ಯಪ್ ಗುಂಪಿಗೂ ಹಾಕಿ, ಒಂದು ತಿಂಗಳ ಗಡುವು ಕೊಡಿ. ಗಡುವಿನೊಳಗೆ ಯಾರೂ ಬರದಿದ್ದರೆ ಆ ಬಹುಮಾನ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೂಪನ್ನಿನ ಹಿಂದೆಯೇ ಬರೆದಿರಿ. ಯಾವುದಾದರೂ ಯತೀಂಖಾನೆಗೋ, ಸಂಘದ ಬಡ ಸದಸ್ಯರ ಚಿಕಿತ್ಸಾ ನಿಧಿಗೋ. ತೆರಿಗೆ, ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಎಲ್ಲ ಸೇರಿಸಿಯೇ ಪ್ರಾಯೋಜಕರಿಂದ ದುಡ್ಡು ಕೇಳಿ. ಸ್ಕೂಟರಿಗೆ ಬರುವ ತೆರಿಗೆ ಕೊಡಲು ಆಗುವುದಿಲ್ಲವೆಂದರೆ 10,000 ರೂಪಾಯಿಯ ಒಳಗಿನ ಹತ್ತು ಬಹುಮಾನ ಇಡಿ, ಹತ್ತು ಮನೆ ಬೆಳಗುತ್ತದೆ. ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆಯಲು ಸ್ಕೂಟರ್ ಇರುವುದಿಲ್ಲ, ಅಷ್ಟೇ.

ಬ್ಯಾರಿ ಎಂಬ ಹೆಸರೇ ‘ಬ್ಯಾರ’ದಿಂದ, ವ್ಯಾಪಾರದಿಂದ ಬಂತು ಎನ್ನುತ್ತಾರೆ. ಬಂದರಿನ ಹಳೆಯ ವ್ಯಾಪಾರಿಗಳು ಕಾಗದ ಪತ್ರ ಇಲ್ಲದೆ ಬರೀ ಬಾಯಿ ಮಾತಿನ ಮೇಲೆ ಲೋಡುಗಟ್ಟಲೆ ಮಾಲು ಕಳಿಸಿದವರು. ಅವರ ಮಕ್ಕಳು, ಮೊಮ್ಮಕ್ಕಳು ನಡೆಸುವ ಸಂಘಗಳಲ್ಲಿ ಒಂದು ಮಿಕ್ಸಿಗಾಗಿ ಸದಸ್ಯ ಆರು ತಿಂಗಳು ಕಾರ್ಯದರ್ಶಿಗೆ ಫೋನ್ ಮಾಡಬೇಕಾಗಿ ಬರುವುದು ನಾಚಿಕೆಯ ವಿಷಯ. ಈ ಸಲದ ಸಮಾವೇಶಗಳ ಆಮಂತ್ರಣ ಪತ್ರಿಕೆಗಳು ಒಂದೊಂದಾಗಿ ಪ್ರೆಸ್ಸಿಗೆ ಹೋಗುತ್ತಿವೆ. ಕೂಪನ್ನು ಅಚ್ಚಿಗೆ ಹೋಗುವುದು ಅದರ ಹಿಂದೆಯೇ. ಹೆಸರಿಗೊಂದು ಗೆರೆ, ಗಡುವಿಗೊಂದು ಸಾಲು ಸೇರಿಸಲು ಇನ್ನೂ ಸಮಯ ಇದೆ.